ಬೆಲ್ಟಿಗೋ, ಒರೆಗೋ, ಸೊಂಟದ ಚೀಲಕ್ಕೋ? ಬೆಟ್ಟ ಹತ್ತುವವರ ಆಪತ್ಕಾಲದ ಸಾಮಾನು

ನಮ್ಮ ಗುಂಪಿಗೆ ಹೊಸದಾಗಿ ಸೇರಿದವರು ಎರಡನೇ ಚಾರಣಕ್ಕೆ ಬರುವಷ್ಟರಲ್ಲಿ ಒಂದು ಪ್ರಶ್ನೆ ತಂದೇ ತರುತ್ತಾರೆ. ಸೀಟಿ, ಟಾರ್ಚು, ಲೈಟರು, ಹಗ್ಗ, ಬ್ಯಾಂಡೇಜು ಇವೆಲ್ಲ ಬೆನ್ನಿನ ಬ್ಯಾಗಿನೊಳಗೆ ಇದ್ದರೆ ಸಾಕೇ, ಮೈಮೇಲೇ ಇರಬೇಕೇ? ಇರಬೇಕೆಂದರೆ ಬೆಲ್ಟಿಗೆ ಸಿಕ್ಕಿಸುವುದೋ, ಚಾಕುವಿನ ಒರೆಗೆ ಕಟ್ಟುವುದೋ, ಸೊಂಟಕ್ಕೆ ಬೇರೆ ಚೀಲ ಹಾಕುವುದೋ? ಜೊತೆಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ: ದಪ್ಪ ಚರ್ಮದ ಒರೆ, ಅದರ ಮುಂದೆ ಪುಟ್ಟ ಜೇಬು, ಪಕ್ಕದಲ್ಲಿ ಬೆಂಕಿ ಹೊತ್ತಿಸುವ ಫೆರೋ ರಾಡ್, ಸುತ್ತಲೂ ಹಗ್ಗ. ಅಂಥದ್ದನ್ನು ನಾನೂ ಎರಡು ವರ್ಷ ಕಟ್ಟಿಕೊಂಡು ತಿರುಗಿದ್ದೇನೆ. ಆಮೇಲೆ ಬಿಚ್ಚಿಟ್ಟೆ. ಈಗ ಕೆಲವು ಜಾಗಗಳಿಗೆ ಮಾತ್ರ ಮತ್ತೆ ಕಟ್ಟುತ್ತೇನೆ. ಎಲ್ಲಿಗೆ ಯಾವುದು ಹೊಂದುತ್ತದೆ ಎಂದು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೈಮೇಲೆ ಯಾಕಿರಬೇಕು ಅನ್ನುವುದು ನನಗೆ ಅರ್ಥವಾದದ್ದು ಸಾವನದುರ್ಗದಲ್ಲಿ. ಕರಿಗುಡ್ಡದ ಬಂಡೆಯಲ್ಲಿ ಕಡಿದಾದ ಕಡೆ ಬ್ಯಾಗು ಹಿಂದಕ್ಕೆ ಎಳೆಯುತ್ತಿತ್ತು. ಒಂದು ಪೊದೆಯ ಬುಡದಲ್ಲಿಟ್ಟು ಮೇಲಿನ ನಂದಿ ಮಂಟಪದವರೆಗೆ ಹೋದೆ. ಇಳಿಯುವಾಗ ಮೋಡ ಕವಿಯಿತು. ಬಂಡೆಯ ಇಳಿಜಾರು ಎತ್ತ ನೋಡಿದರೂ ಒಂದೇ ಥರ. ಇಳಿದದ್ದು ಬೇರೆ ದಿಕ್ಕಿಗೆ ಎಂದು ಗೊತ್ತಾಗುವಷ್ಟರಲ್ಲಿ ಕತ್ತಲಾಗುತ್ತಿತ್ತು. ನೀರು, ಟಾರ್ಚು, ಬ್ಯಾಂಡೇಜು ಎಲ್ಲವೂ ಆ ಪೊದೆಯ ಬುಡದಲ್ಲಿ. ನನ್ನ ಹತ್ತಿರ ಉಳಿದದ್ದು ಚಾರ್ಜು ಮುಗಿಯುತ್ತಿದ್ದ ಮೊಬೈಲು ಮತ್ತು ಕೀಗೊಂಚಲಿನಲ್ಲಿದ್ದ ಒಂದು ಪ್ಲಾಸ್ಟಿಕ್ ಸೀಟಿ. ಊದುತ್ತಾ ಕೂತೆ. ಗೆಳೆಯರು ಆ ಸದ್ದು ಹಿಡಿದು ಬಂದರು. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಕೇಳುವುದು ಇಷ್ಟೇ: ಬ್ಯಾಗು ಈಗಿಂದೀಗಲೇ ಕೈತಪ್ಪಿದರೆ ನಿಮ್ಮ ಮೈಮೇಲೆ ಏನು ಉಳಿಯುತ್ತದೆ?

ಯಾವುದರಿಂದ ಅಳೆಯಬೇಕು

ಮೇಲಿನ ಪ್ರಶ್ನೆಯೇ ಮೊದಲ ಅಳತೆ. ದೊಡ್ಡ ಬ್ಯಾಗುಗಳ ಸೊಂಟಪಟ್ಟಿಯಲ್ಲಿ ಜಿಪ್ಪಿನ ಜೇಬು ಇರುತ್ತದಲ್ಲ, ಅದು ಬಿಸ್ಕತ್ತಿಗೆ, ಮೊಬೈಲಿಗೆ ಚೆನ್ನ. ಆಪತ್ತಿನ ಸಾಮಾನಿಗೆ ಅಲ್ಲ, ಬ್ಯಾಗಿನ ಜೊತೆ ಅದೂ ಹೋಗುತ್ತದೆ.

ಎರಡನೆಯ ಅಳತೆಯನ್ನು ಬಹಳ ಜನ ಮರೆಯುತ್ತಾರೆ. ಬ್ಯಾಗಿನ ಸೊಂಟಪಟ್ಟಿ ಕೂರಬೇಕಾದ್ದು ಸೊಂಟದ ಎಲುಬಿನ ಮೇಲೆ. ನಿಮ್ಮ ಬೆಲ್ಟು, ಅದಕ್ಕೆ ಸಿಕ್ಕಿಸಿದ ಒರೆ, ಜೇಬು ಎಲ್ಲವೂ ಅಲ್ಲೇ ಇರುತ್ತವೆ. ಎರಡೂ ಒಂದರ ಮೇಲೊಂದು ಕೂತರೆ ಐದು ಕಿಲೋಮೀಟರ್ ನಡೆಯುವಷ್ಟರಲ್ಲಿ ಚರ್ಮ ಕೆಂಪಗಾಗಿರುತ್ತದೆ. ಪಟ್ಟಿ ಸಡಿಲ ಮಾಡಿದರೆ ಇಡೀ ಭಾರ ಭುಜಕ್ಕೆ ಬೀಳುತ್ತದೆ.

ಮೂರನೆಯದು, ಬಾಗಿ ಕೂರುವುದು. ಬೆಂಗಳೂರಿನಿಂದ ಹೊರಟವರು ಬೆಟ್ಟದ ಬುಡ ಮುಟ್ಟುವ ಮುಂಚೆ ಒಂದೋ ಬೈಕಿನ ಮೇಲೆ, ಇಲ್ಲವೇ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ. ಬಂಡೆಯ ಮೇಲೆ ನಾಲ್ಕು ಕಾಲಲ್ಲಿ ಹೋಗಬೇಕು. ಬಯಲಿಗೆ ಹೋಗಬೇಕಾದಾಗ ಬೆಲ್ಟು ಬಿಚ್ಚಬೇಕು, ಆಗ ಅದರಲ್ಲಿರುವುದೆಲ್ಲ ಜಾರಿ ಮಣ್ಣಿಗೆ ಬೀಳಬಾರದು. ನಾಲ್ಕನೆಯದು, ಕತ್ತಲಲ್ಲಿ, ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲೂ ತೆಗೆಯಲು ಬರಬೇಕು. ಜಾರಿದವರು ಕೈ ಊರುತ್ತಾರೆ, ಉಳುಕುವುದು ಮಣಿಕಟ್ಟೇ. ಐದನೆಯದು ಮಳೆ.

ಆರನೆಯದು ಕಾನೂನು. ಇದನ್ನು ಕೊನೆಯಲ್ಲಿ ಹೇಳಿದರೂ ನಮ್ಮ ಕಡೆಯ ಚಾರಣಕ್ಕೆ ತೀರ್ಮಾನ ಆಗುವುದು ಇದರ ಮೇಲೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ, ಮತ್ತು ಆ ಕಾಯ್ದೆಯ ಆಯುಧದ ವ್ಯಾಖ್ಯೆಯಲ್ಲಿ ಚಾಕು ಕೂಡ ಸೇರಿದೆ. ಕುಮಾರ ಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದಲ್ಲಿ. ಕುದುರೆಮುಖ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಗಳು, ಅಲ್ಲಿಗೂ ಇದೇ ನಿಯಮ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಇಂಥ ಕಾಡಿನಲ್ಲಿ ಬೆಂಕಿ ಹಾಕುವುದಕ್ಕೂ ತಡೆ ಇದೆ. ಕಾಡಿನಿಂದ ಹೊರಗಿನ ಲೆಕ್ಕ ಬೇರೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು ಆಯುಧದ ಪಟ್ಟಿಗೆ ಬರುತ್ತವೆ. ಮನೆಗೆಲಸದ, ಹೊಲದ ಕತ್ತಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಆದರೂ ಬಸ್ ಸ್ಟ್ಯಾಂಡಿನಲ್ಲಿ ಸೊಂಟದಿಂದ ಚಾಕು ನೇತಾಡಿಸಿಕೊಂಡು ನಿಂತವನನ್ನು ಪೊಲೀಸರು ಕರೆದು ಕೇಳಿದರೆ ಅದು ಅವರ ಕೆಲಸ. ಮೆಟ್ರೋದ ಸ್ಕ್ಯಾನರಿನಲ್ಲಂತೂ ಬ್ಯಾಗು ಹಾಯಲೇಬೇಕು.

ಏನೇನು ಇರಬೇಕು

ನನ್ನ ಸೊಂಟದ ಸಾಮಾನನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಅರ್ಧ ಕಿಲೋ ದಾಟದಂತೆ ನೋಡಿಕೊಂಡಿದ್ದೇನೆ. ಸೀಟಿ, ಹಣೆಗೆ ಕಟ್ಟುವ ಪುಟ್ಟ ಟಾರ್ಚು, ಒಂದು ಕ್ರೇಪ್ ಬ್ಯಾಂಡೇಜು, ಎರಡು ಓಆರ್‌ಎಸ್ ಪೊಟ್ಟಣ, ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ, ಮಡಚಿದರೆ ಅಂಗೈಯಷ್ಟಾಗುವ ಬೆಳ್ಳಿ ಬಣ್ಣದ ತುರ್ತು ಹೊದಿಕೆ, ಮೂರು ಮೀಟರ್ ಪ್ಯಾರಾಕಾರ್ಡ್ (ಪ್ಯಾರಾಚೂಟಿಗೆ ಕಟ್ಟುವಂಥ ತೆಳು, ಗಟ್ಟಿ ನೈಲಾನ್ ಹಗ್ಗ), ಲೈಟರು, ದಿನಾ ನುಂಗುವ ಮಾತ್ರೆಯ ಎರಡು ದಿನದ ಪಾಲು, ಸ್ವಲ್ಪ ದುಡ್ಡು. ಮಲೆನಾಡಿಗೆ ಹೊರಟರೆ ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು. ಸೀಟಿಗೆ ಲೆಕ್ಕ ಇದೆ: ಆಲ್ಪ್ಸ್ ಪರ್ವತದವರ ಸಂಕೇತದಲ್ಲಿ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುತ್ತಾರೆ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ನಿಮ್ಮ ಗುಂಪಿನಲ್ಲಿ ಇದನ್ನು ಮೊದಲೇ ಮಾತಾಡಿಕೊಳ್ಳಿ. ಮೊಬೈಲು ಸಿಗ್ನಲ್ ಹಿಡಿದರೆ 112.

ಹಾವು ಕಚ್ಚಿದರೆ ಬೇಕಾಗುತ್ತದೆ ಎಂದು ಚಾಕು ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಆ ಯೋಚನೆ ಬಿಡಿ. ಕಚ್ಚಿದ ಜಾಗವನ್ನು ಕೊಯ್ಯಬಾರದು, ರಕ್ತ ಓಡದಂತೆ ಬಿಗಿಯಾಗಿ ಕಟ್ಟಲೂಬಾರದು. ಕೈಕಾಲು ಅಲುಗದ ಹಾಗೆ ಕೋಲಿಟ್ಟು ಸುತ್ತಿ, ವಿಷಕ್ಕೆ ಔಷಧಿ ಇರುವ ಆಸ್ಪತ್ರೆಗೆ ಆದಷ್ಟು ಬೇಗ ಸೇರಿಸಬೇಕು. ಅದಕ್ಕೆ ಬೇಕಾದ್ದು ಕ್ರೇಪ್ ಬ್ಯಾಂಡೇಜು.

ಎಲ್ಲವನ್ನೂ ಒರೆಗೆ ಕಟ್ಟುವುದು

ಒರೆಯೇ ಒಂದು ಪುಟ್ಟ ಸಂಚಿಯಾಗುವ ಈ ಕ್ರಮಕ್ಕೆ ನಿಜವಾದ ಒಂದು ಗುಣ ಇದೆ: ಒಂದೇ ವಸ್ತು ನೆನಪಿಟ್ಟರೆ ಸಾಕು. ಒರೆ ಬೆಲ್ಟಿಗೆ ಸಿಕ್ಕಿಸಿದಿರಿ ಎಂದರೆ ಚಾಕು, ಬೆಂಕಿ, ಹಗ್ಗ ಮೂರೂ ಬಂದ ಹಾಗೆ. ಚಾಕು ಮತ್ತು ಫೆರೋ ರಾಡ್ ಜೊತೆಗಿರುವುದು ಕೆಲಸಕ್ಕೂ ಒಪ್ಪುತ್ತದೆ, ಯಾಕೆಂದರೆ ಚೂಪಾದ ಅಂಚಿರುವ ಚಾಕುವಿನ ಬೆನ್ನಿನಿಂದ ರಾಡನ್ನು ಗೀರಿದರೇ ಕಿಡಿ ಜೋರಾಗಿ ಹಾರುವುದು. ಸ್ವೀಡನ್ನಿನ ಮೋರಾ ಚಾಕುಗಳಲ್ಲಿ ಕೆಲವು ಹೀಗೆ ಒರೆಯ ಜೊತೆಗೇ ರಾಡು ಮತ್ತು ಸಾಣೆಪಟ್ಟಿ ಸೇರಿಸಿಕೊಂಡು ಬರುತ್ತವೆ. ನಮಗೂ ಇದು ಹೊಸದಲ್ಲ. ಕೊಡವರು ಸೊಂಟಕ್ಕೆ ಸುತ್ತುವ ಚೇಲೆಯಲ್ಲಿ ಪುಟ್ಟ ಪೀಚೆಕತ್ತಿ ಸಿಕ್ಕಿಸುತ್ತಾರೆ, ಬೆನ್ನ ಹಿಂದೆ ತೊಡಂಗು ಎಂಬ ಲೋಹದ ಹಿಡಿಕೆಯಲ್ಲಿ ಅಗಲ ಅಲಗಿನ ಒಡಿಕತ್ತಿ ಕೂರಿಸುತ್ತಾರೆ. ತೋಟದ ಕೆಲಸದವರು ಸೊಂಟಕ್ಕೆ ಹಗ್ಗ ಸುತ್ತಿ ಅದರ ಕೊಕ್ಕೆಗೆ ಕತ್ತಿ ತೂಗುಹಾಕಿಕೊಂಡೇ ಮರ ಹತ್ತುತ್ತಾರೆ. ಗಮನಿಸಿ ನೋಡಿ, ಅವರ ಕತ್ತಿಯ ಜೊತೆ ಇನ್ನೇನೂ ಇರುವುದಿಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹಿಂದಿನ ಕಾಲದಲ್ಲಾದರೆ ಚಕಮಕಿ, ಇವೆಲ್ಲ ಬೇರೆಯದೇ ಆದ ಸಂಚಿಯಲ್ಲಿ.

ಅದರ ಕಾರಣ ನನಗೆ ಹೊಳೆದದ್ದು ಒಂದು ಚೆಕ್‌ಪೋಸ್ಟಿನಲ್ಲಿ. ಕಾವಲಿನವರು ಸರಿಯಾಗಿಯೇ ಹೇಳಿದರು, ಚಾಕು ಇಲ್ಲೇ ಬಿಟ್ಟು ಹೋಗಿ ಎಂದು. ಒರೆ ಬಿಚ್ಚಿ ಮೇಜಿನ ಮೇಲಿಟ್ಟು ಹತ್ತು ಹೆಜ್ಜೆ ಹೋದ ಮೇಲೆ ನೆನಪಾಯಿತು: ಲೈಟರು, ಹಗ್ಗ, ಮಾತ್ರೆ, ಸೀಟಿ ಸಮೇತ ಎಲ್ಲ ಅದರಲ್ಲೇ ಇದೆ. ಒರೆಗೆ ಕಟ್ಟಿದ್ದು ಚಾಕು ಹೋದ ಕಡೆ ಹೋಗುತ್ತದೆ. ಬೆಂಗಳೂರಿನಿಂದ ನಾವು ಹೋಗುವ ಒಳ್ಳೊಳ್ಳೆಯ ಬೆಟ್ಟಗಳಲ್ಲಿ ಎಷ್ಟೋ ಸಂರಕ್ಷಿತ ಕಾಡಿನೊಳಗೇ ಇರುವಾಗ, ಜೀವ ಉಳಿಸುವ ಸಾಮಾನನ್ನು ಒಳಗೆ ಬಿಡದ ವಸ್ತುವಿಗೆ ಗಂಟು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹೊರುವುದರಲ್ಲೂ ತೊಡಕಿದೆ. ಒಂದೇ ಪಕ್ಕಕ್ಕೆ 400 ಗ್ರಾಂ ತೂಗಿದರೆ ಬೆಲ್ಟು ಆ ಕಡೆಗೆ ಜಗ್ಗುತ್ತದೆ, ಓಡುನಡಿಗೆಯಲ್ಲಿ ಒರೆ ತೊಡೆಗೆ ಬಡಿಯುತ್ತದೆ. ಮೇಲೆ ಸುತ್ತಿದ ಹಗ್ಗ ಲಂಟಾನದ ಪೊದೆ ನುಗ್ಗುವಾಗ ಮುಳ್ಳಿಗೆ ಸಿಕ್ಕುತ್ತದೆ, ಮಳೆಯಲ್ಲಿ ಕೆಸರು ಕುಡಿದು ಬಿಗಿಯುತ್ತದೆ, ಬೇಕಾದಾಗ ಬಿಚ್ಚಲು ಎರಡೂ ಕೈ ಬೇಕು. ಏಳು ಎಳೆಯ ಪ್ಯಾರಾಕಾರ್ಡ್ ಸುಮಾರು 250 ಕಿಲೋ ತಡೆಯುತ್ತದೆ ಎಂಬುದು ನಿಜ. ಆದರೆ ಆ ಬಲ ಉಪಯೋಗಕ್ಕೆ ಬರಬೇಕಾದರೆ ಹಗ್ಗ ಸುಲಭವಾಗಿ ಕೈಗೆ ಬರಬೇಕು. ಎಂಟರ ಆಕಾರದಲ್ಲಿ ಸುತ್ತಿ ಚೀಲದಲ್ಲಿಟ್ಟರೆ ಎಳೆದ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಒರೆಯ ಮಾಲಿನ ಬಗ್ಗೆಯೂ ಹೇಳಬೇಕು. ಚರ್ಮ ಸದ್ದು ಮಾಡುವುದಿಲ್ಲ, ಮೈಗೆ ಹಿತ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟದಲ್ಲಿ ಚರ್ಮ ನೀರು ಹೀರಿಕೊಂಡು ದಿನಗಟ್ಟಲೆ ಒಣಗುವುದಿಲ್ಲ. ಕಾರ್ಬನ್ ಸ್ಟೀಲಿನ ಅಲಗಾದರೆ ಎರಡು ರಾತ್ರಿ ಸಾಕು, ತುಕ್ಕಿನ ಚುಕ್ಕೆ ಬೀಳುತ್ತದೆ. ನನ್ನ ಹಳೆಯ ಒರೆಯ ಚರ್ಮದ ಕುಣಿಕೆಯಲ್ಲಿದ್ದ ಫೆರೋ ರಾಡನ್ನು ಒಂದು ಮಳೆಗಾಲ ಮುಗಿದ ಮೇಲೆ ಎಳೆದು ತೆಗೆದೆ. ಚರ್ಮಕ್ಕೆ ತಾಗಿದ್ದ ಕಡೆಯೆಲ್ಲ ಬೂದುಬಣ್ಣದ ಪುಡಿ ಎದ್ದು, ಉಗುರಿನಿಂದ ಗೀರಿದರೆ ಉದುರುತ್ತಿತ್ತು. ಗೀರುವ ಭಾಗ ಬಿಟ್ಟು ಉಳಿದದ್ದಕ್ಕೆ ಉಗುರುಬಣ್ಣ ಹಚ್ಚಿದರೆ ಇದು ತಪ್ಪುತ್ತದೆ. ಕೈಡೆಕ್ಸ್ ಅಥವಾ ಅಂಥದೇ ಬೇರೆ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ನೀರು ಕುಡಿಯುವುದಿಲ್ಲ, ತುದಿಯಲ್ಲಿ ತೂತು ಇದ್ದರೆ ಒಳಗಿನ ನೀರೂ ಸೋರಿಹೋಗುತ್ತದೆ. ಮಳೆನಾಡಿಗೆ ಇದೇ ಸರಿ. ನೈಲಾನ್ ಬಟ್ಟೆಯ ಒರೆ ಅಗ್ಗ, ಆದರೆ ಒಳಗೆ ಗಟ್ಟಿ ಪದರ ಇಲ್ಲದಿದ್ದರೆ ಬಿದ್ದಾಗ ಅಲಗು ಬಟ್ಟೆ ಸೀಳಿ ತೊಡೆಗೆ ಬರುತ್ತದೆ. ಅಂಥದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ. ಅಂಗಡಿಯಲ್ಲೇ ಒರೆಯನ್ನು ತಲೆಕೆಳಗು ಹಿಡಿದು ಜೋರಾಗಿ ಒದರಿ ನೋಡಿ, ಚಾಕು ಮಿಸುಕಿದರೂ ಬೇಡ.

ಹಾಗಾದರೆ ಇದು ಯಾರಿಗೆ? ಸಕಲೇಶಪುರದ ಕಡೆ ಸ್ವಂತದ್ದೋ ನೆಂಟರದ್ದೋ ತೋಟವಿದ್ದು ಅಲ್ಲೇ ಟೆಂಟು ಹಾಕುವವರಿಗೆ, ಸೌದೆ ಸೀಳಿ ಅಡುಗೆ ಮಾಡುವವರಿಗೆ, ಬೇಲಿ ಸವರುವವರಿಗೆ. ಅಲ್ಲಿ ಭಾರದ ಬ್ಯಾಗು ಬೆನ್ನಿಗಿರುವುದಿಲ್ಲ, ಚಾಕು ದಿನಕ್ಕೆ ಇಪ್ಪತ್ತು ಸಲ ಹೊರಗೆ ಬರುತ್ತದೆ. ಆಗಲೂ ಒರೆಗೆ ಚಾಕುವಿನ ಕೆಲಸಕ್ಕೆ ಸೇರಿದ್ದನ್ನು ಮಾತ್ರ ಕಟ್ಟಿ: ಫೆರೋ ರಾಡ್, ಸಣ್ಣ ಸಾಣೆಕಲ್ಲು, ಮತ್ತು ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಸೈಕಲ್ ಟ್ಯೂಬಿನ ಎರಡು ಬಳೆ. ಆ ರಬ್ಬರು ರಾಡನ್ನು ಒರೆಗೆ ಬಿಗಿಯಾಗಿ ಹಿಡಿಯುತ್ತದೆ. ಬೆಂಕಿ ಹತ್ತದ ಒದ್ದೆ ದಿನ ಅದನ್ನೇ ಚೂರು ಮಾಡಿ ಲೈಟರು ಹಿಡಿದರೆ ಕಪ್ಪು ಹೊಗೆ ಬಂದರೂ ಉರಿ ನಿಲ್ಲುತ್ತದೆ. ಸೀಟಿ, ಔಷಧಿ, ಬ್ಯಾಂಡೇಜು ಅಲ್ಲಿ ಬೇಡ.

ಒರೆ ಕಟ್ಟುವುದು ಬಲಗೈಯವರಾದರೆ ಬಲಸೊಂಟದ ಎಲುಬಿಗಿಂತ ತುಸು ಹಿಂದೆ. ಬೆನ್ನಹುರಿಯ ಮೇಲೆ ಅಡ್ಡಡ್ಡ ಕಟ್ಟುವ ಷೋಕಿ ಬೇಡ, ಬಂಡೆಯ ಮೇಲೆ ಹಿಂದಕ್ಕೆ ಜಾರಿ ಕೂತರೆ ಏಟು ಅಲ್ಲಿಗೇ. ಬೆಲ್ಟಿನಿಂದ ಕೆಳಕ್ಕೆ ಇಳಿಬಿಡುವ ಕುಣಿಕೆಯ ಒರೆ ಬ್ಯಾಗಿನ ಪಟ್ಟಿಗೂ ಬೈಕಿನ ಸೀಟಿಗೂ ಹೊಂದಿಕೊಳ್ಳುತ್ತದೆ, ನಡೆಯುವಾಗ ಮಾತ್ರ ಓಲಾಡುತ್ತದೆ.

ಬೆಲ್ಟಿಗೆ ಬಿಡಿಬಿಡಿಯಾಗಿ ಸಿಕ್ಕಿಸುವುದು

ಇಲ್ಲಿ ಭಾರ ಸುತ್ತಲೂ ಹಂಚಿಹೋಗುತ್ತದೆ: ಎಡಕ್ಕೆ ಟಾರ್ಚು, ಬಲಕ್ಕೆ ಔಷಧಿಯ ಜೇಬು, ಮುಂದೆ ಸೀಟಿ. ಯಾವುದು ಎಲ್ಲಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಬೇಡದ್ದನ್ನು ತೆಗೆದಿಟ್ಟು ಹೊರಡಬಹುದು, ಚಾಕು ಸೇರಿದಂತೆ. ಆದರೆ ಆಫೀಸಿಗೆ ಕಟ್ಟುವ ತೆಳು ಚರ್ಮದ ಬೆಲ್ಟು ಈ ಭಾರಕ್ಕೆ ಮಡಚಿಕೊಳ್ಳುತ್ತದೆ. 38 ಮಿಲಿಮೀಟರ್ ಅಗಲದ ಗಟ್ಟಿ ನಿವಾರ್ ಬೆಲ್ಟು ಬೇಕು, ಪ್ಯಾಂಟಿನ ಕುಣಿಕೆಯಲ್ಲಿ ಅದು ತೂರುತ್ತದೆಯೇ ನೋಡಬೇಕು. ಚಿಕ್ಕಪೇಟೆಯ ಸುತ್ತ ಬ್ಯಾಗಿನ ಬಿಡಿಸಾಮಾನು ಮಾರುವ ಅಂಗಡಿಗಳಲ್ಲಿ ನಿವಾರ್ ಪಟ್ಟಿ, ಬಕಲ್ಲು, ವೆಲ್ಕ್ರೋ ಎಲ್ಲವೂ ಸಿಗುತ್ತದೆ. ಹೊಲಿಸಿಕೊಂಡರೆ ಅಂಗಡಿಯ ಸಿದ್ಧ ಬೆಲ್ಟಿಗಿಂತ ಕಡಿಮೆಗೆ ಬರುತ್ತದೆ.

ಇದರ ದೊಡ್ಡ ಕೊರತೆ ಎರಡನೆಯ ಅಳತೆಯಲ್ಲಿ. ಬ್ಯಾಗಿನ ಸೊಂಟಪಟ್ಟಿ ಬಿಗಿದರೆ ಪ್ರತಿಯೊಂದು ಜೇಬೂ ಎಲುಬಿಗೆ ಒತ್ತುತ್ತದೆ. ಮತ್ತೊಂದು, ಬೆಲ್ಟೇ ಇಲ್ಲದ ಉಡುಪು. ನಮ್ಮಲ್ಲಿ ಅರ್ಧಕ್ಕರ್ಧ ಜನ ಬೆಟ್ಟಕ್ಕೆ ಬರುವುದು ಲಾಡಿ ಕಟ್ಟುವ ಟ್ರ್ಯಾಕ್ ಪ್ಯಾಂಟಿನಲ್ಲಿ. ಹೆಣ್ಣುಮಕ್ಕಳ ಪ್ಯಾಂಟುಗಳಲ್ಲಿ ಕುಣಿಕೆ ಇದ್ದರೂ ತೀರಾ ಸಣ್ಣವು. ಭಾರದ ಬ್ಯಾಗಿಲ್ಲದೆ ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುವ ಮಾಕಳಿದುರ್ಗದಂಥ ಕಡೆಗೆ, ಕಾರ್ಗೋ ಪ್ಯಾಂಟು ತೊಡುವವರಿಗೆ ಇದು ಅಡ್ಡಿಯಿಲ್ಲ.

ಸೊಂಟದ ಚೀಲ

ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ತನ್ನದೇ ಪಟ್ಟಿ, ತನ್ನದೇ ಬಕಲ್ಲು ಇರುವ ಒಂದು ಪುಟ್ಟ ಚೀಲ. ಬ್ಯಾಗಿನ ಪಟ್ಟಿಯ ಕೆಳಗೆ, ಹೊಟ್ಟೆಯ ಮುಂದೆ ಇಳಿಬಿಟ್ಟು ಕಟ್ಟಬಹುದು. ಏರುವಾಗ ಮಂಡಿಗೆ ತಾಗಿದರೆ ಎದೆಗೆ ಅಡ್ಡಲಾಗಿ ಹಾಕಬಹುದು. ಬಸ್ಸಿನಲ್ಲಿ ಮಡಿಲಿಗೆ ಬರುತ್ತದೆ, ಮೆಟ್ರೋದಲ್ಲಿ ಟ್ರೇಗೆ ಹೋಗುತ್ತದೆ, ಬಯಲಿಗೆ ಹೋದಾಗ ಕುತ್ತಿಗೆಗೆ ಏರುತ್ತದೆ. ಯಾವ ಉಡುಪಿನ ಮೇಲಾದರೂ ಕೂರುತ್ತದೆ. ಚೆಕ್‌ಪೋಸ್ಟಿನಲ್ಲಿ ಜಿಪ್ಪು ತೆರೆದು ತೋರಿಸಿದಾಗ ಲೈಟರು ಬಿಟ್ಟು ಹೋಗಿ ಎಂದರೂ ಉಳಿದದ್ದೆಲ್ಲ ಜೊತೆಗೇ ಬರುತ್ತದೆ.

ಕೊರತೆಯೂ ಇದೆ. ಎಲ್ಲ ಒಂದೇ ಗೂಡಿನಲ್ಲಿ ಸೇರಿ ಕಲಸಿಹೋಗುತ್ತದೆ, ಕತ್ತಲಲ್ಲಿ ಟಾರ್ಚಿಗೆ ಕೈ ಹಾಕಿದರೆ ಓಆರ್‌ಎಸ್ ಬರುತ್ತದೆ. ಅಜ್ಜಿಯರ ಎಲೆಯಡಿಕೆ ಸಂಚಿಯಲ್ಲಿ ಒಂದರ ಪಕ್ಕ ಒಂದು ಅರೆಗಳಿರುತ್ತಿದ್ದವು, ನೋಡದೆಯೇ ಸುಣ್ಣದ ಡಬ್ಬಿಗೆ ಬೆರಳು ಹೋಗುತ್ತಿತ್ತು. ಅಂಥ ಅರೆಗಳಿರುವ ಚೀಲವನ್ನೇ ಆರಿಸಿ, ಇಲ್ಲದಿದ್ದರೆ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಒಳಗೊಂದು ಅಡ್ಡಬಟ್ಟೆ ಹೊಲಿಸಿ. ಟಾರ್ಚು ಯಾವಾಗಲೂ ಹೊರಗಿನ ಅರೆಯಲ್ಲಿ, ಸೀಟಿ ಚೀಲದ ಹೊರಗೆ ಗಿಡ್ಡ ದಾರದಲ್ಲಿ. ಜಿಪ್ಪಿನ ಸಂದಿನಿಂದ ನೀರು ಇಳಿದೇ ಇಳಿಯುತ್ತದೆ, ಮಾತ್ರೆ ಮತ್ತು ಲೈಟರನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ. ಬೇಸಿಗೆಯಲ್ಲಿ ಹೊಟ್ಟೆಯ ಹತ್ತಿರ ಬೆವರುತ್ತದೆ, ಅದನ್ನು ತಾಳಿಕೊಳ್ಳಬೇಕು.

ದುಡ್ಡಿನ ಲೆಕ್ಕದಲ್ಲೂ ಇದೇ ಹಗುರ. ಮನೆಯಲ್ಲಿ ಬಿದ್ದಿರುವ ಹಳೆಯ ಪೌಚು ಸಾಕಾಗುತ್ತದೆ. ಹೊಸದೇ ಕೊಂಡರೂ ಒಳ್ಳೆಯ ಒರೆ ಇರುವ ಒಳ್ಳೆಯ ಚಾಕುವಿಗಿಂತ ಬಹಳ ಕಡಿಮೆ. ಕೈಯಲ್ಲಿ ಸ್ವಲ್ಪವೇ ಹಣ ಇದ್ದರೆ ಮೊದಲು ಒಳ್ಳೆಯ ಹಣೆಯ ಟಾರ್ಚು ಕೊಳ್ಳಿ, ಆಮೇಲೆ ಸೀಟಿ, ಬ್ಯಾಂಡೇಜು, ಹೊದಿಕೆ. ಚೀಲ ಆಮೇಲೆ, ಚಾಕು ಎಲ್ಲಕ್ಕಿಂತ ಕೊನೆಗೆ. ಚಾಕು ಬೇಕೇ ಬೇಕು ಎನ್ನುವವರು, ಕಾಯ್ದೆ ಅಡ್ಡ ಬರದ ಜಾಗಕ್ಕೆ, ಕತ್ತರಿ ಮತ್ತು ಗರಗಸ ಇರುವ ಮಡಚುವ ಚಾಕು ನೋಡಿ. ಬ್ಯಾಂಡೇಜು ಕತ್ತರಿಸಲು ಕತ್ತರಿಯೇ ಹಿತ, ಒಣಕೊಂಬೆಗೆ ಗರಗಸವೇ ವಾಸಿ.

ಎರಡು ದಿನದ ಚಾರಣ, ರಾತ್ರಿ ಕಾಡಂಚಿನ ತೋಟದಲ್ಲಿ ವಾಸ, ಮರುದಿನ ಅಭಯಾರಣ್ಯದೊಳಗೆ ಹತ್ತುವುದು ಎಂದಿದ್ದರೆ ನಾನು ಎರಡನ್ನೂ ಒಯ್ಯುತ್ತೇನೆ. ಒರೆ ತೋಟದಲ್ಲಿ ಉಳಿಯುತ್ತದೆ, ಚೀಲ ನನ್ನ ಜೊತೆ ಬರುತ್ತದೆ. ಎರಡರಲ್ಲೂ ಒಂದೇ ವಸ್ತು ಇರದಂತೆ ಹಿಂದಿನ ರಾತ್ರಿಯೇ ವಿಂಗಡಿಸಿಕೊಂಡಿರುತ್ತೇನೆ, ಲೈಟರು ಮಾತ್ರ ಎರಡಿರುತ್ತದೆ.

ಯಾವುದನ್ನೇ ಆರಿಸಿ, ಬೆಟ್ಟಕ್ಕೆ ಮುಂಚೆ ಊರಲ್ಲೇ ಒಂದು ಸುತ್ತು ಹಾಕಿ. ಚಾಕು ಮನೆಯಲ್ಲಿಟ್ಟು, ಉಳಿದದ್ದನ್ನೆಲ್ಲ ಕಟ್ಟಿಕೊಂಡು, ನೀರಿನ ಬಾಟಲಿ ತುಂಬಿದ ಬ್ಯಾಗು ಹೊತ್ತು ಲಾಲ್‌ಬಾಗಿನ ಬಂಡೆ ಹತ್ತಿ ಇಳಿಯಿರಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲು ಸಾವನದುರ್ಗದ ಹಾಗೆಯೇ ಇಳಿಜಾರು, ಪಾದದ ಹಿಡಿತ ಗೊತ್ತಾಗುತ್ತದೆ. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಮೈಗೇ ತಿಳಿಯುತ್ತದೆ. ಬರುವಾಗ ಬಸ್ಸಿನಲ್ಲಿ ಕೂತು ನೋಡಿ. ಮನೆಗೆ ಬಂದ ಮೇಲೆ ಕೋಣೆಯ ದೀಪ ಆರಿಸಿ, ಬಲಗೈ ಬೆನ್ನ ಹಿಂದಿಟ್ಟು, ಎಡಗೈಯಲ್ಲಿ ಜಿಪ್ಪು ಎಳೆದು ಟಾರ್ಚು ಹಚ್ಚಿ. ಜಿಪ್ಪಿನ ಹಿಡಿ ಬೆರಳಿಗೆ ಸಿಗದಿದ್ದರೆ ಅದಕ್ಕೊಂದು ಗೇಣುದ್ದದ ದಾರ ಕಟ್ಟಿ, ತುದಿಗೆ ದೊಡ್ಡ ಗಂಟು ಹಾಕಿ ಮತ್ತೊಮ್ಮೆ ಪ್ರಯತ್ನಿಸಿ.